ಸೂಲಗಿತ್ತಿಯರ ದೈವಭಯ ಮತ್ತು ಶುಶ್ರೂಷಕಿಯ ಮನಸ್ಸಾಕ್ಷಿ: ಒಂದು ಪುನರ್ವಿಮರ್ಶೆ

ಗರ್ಭಪಾತವನ್ನು ಕುರಿತ ಕ್ರೈಸ್ತ ಬರೆಹಗಳಲ್ಲಿ ಶುಶ್ರೂಷಕಿಯು ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಒಂದೇ ಸಂದರ್ಭದಲ್ಲಿ, ಅವಳು 'ಒಲ್ಲೆ' ಎನ್ನುವಾಗ. ತಾಯಿ, ಭ್ರೂಣ, ವೈದ್ಯ, ಶಾಸನಕರ್ತ ಇವರನ್ನು ಕುರಿತು ಪುಟಗಟ್ಟಲೆ ಬರೆದಿರುವ ದೇವಶಾಸ್ತ್ರಜ್ಞರು ಹಾಸಿಗೆಯ ಪಕ್ಕದಲ್ಲಿ ಇಡೀ ಪಾಳಿ ನಿಂತಿರುವವಳ ವಿಷಯದಲ್ಲಿ ಒಂದೆರಡು ವಾಕ್ಯಗಳಿಗೆ ತೃಪ್ತರಾಗುತ್ತಾರೆ; ಆ ವಾಕ್ಯಗಳೂ ಅವಳ ನಿರಾಕರಣೆಯ ಹಕ್ಕನ್ನು ಕುರಿತವು. ಪೋಪ್ ಎರಡನೆಯ ಜಾನ್ ಪಾಲ್ ಅವರು 1995ರ ಮಾರ್ಚ್ 25ರಂದು ಹೊರಡಿಸಿದ 'ಇವಾಂಜೆಲಿಯಮ್ ವಿಟೇ' ಎಂಬ ಪರಿಪತ್ರವನ್ನು ಈ ಪದ್ಧತಿಯ ಮುಖ್ಯ ಮಾದರಿಯಾಗಿ ತೆಗೆದುಕೊಳ್ಳಬಹುದು. ಅದರ 73ನೆಯ ಪರಿಚ್ಛೇದವು ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು ಮನಸ್ಸಾಕ್ಷಿಯನ್ನು ಕಟ್ಟಿಹಾಕಲಾರದು, ಅದನ್ನು ವಿರೋಧಿಸುವುದು ಕರ್ತವ್ಯ ಎಂದು ಹೇಳಿ, ಇದಕ್ಕೆ ಆಧಾರವಾಗಿ ವಿಮೋಚನಕಾಂಡದ ಮೊದಲನೆಯ ಅಧ್ಯಾಯದ ಸೂಲಗಿತ್ತಿಯರನ್ನು ಕರೆತರುತ್ತದೆ. 74ನೆಯ ಪರಿಚ್ಛೇದವು ವೈದ್ಯರಿಗೂ ಆರೋಗ್ಯ ಸಿಬ್ಬಂದಿಗೂ ಇಂಥ ಕಾರ್ಯದಲ್ಲಿ ಪಾಲ್ಗೊಳ್ಳದಿರುವ ಹಕ್ಕನ್ನು ಕೋರುತ್ತದೆ. 89ನೆಯದು ಶುಶ್ರೂಷಕಿಯರನ್ನೂ ಹೆಸರಿಸಿ ಅವರನ್ನು ಜೀವದ ಕಾವಲುಗಾರರೆಂದು ಕರೆಯುತ್ತದೆ. ಗರ್ಭಪಾತ ಮಾಡಿಸಿಕೊಂಡ ಸ್ತ್ರೀಯರನ್ನು ನೇರವಾಗಿ ಸಂಬೋಧಿಸುವ ಮೃದುವಾದ ಮಾತುಗಳು 99ನೆಯದರಲ್ಲಿವೆ. ಅಂಥ ಸ್ತ್ರೀಯ ಬಳಿ ನಿಂತಿದ್ದ ಶುಶ್ರೂಷಕಿಗೆ ಅಂಥದೊಂದು ಪರಿಚ್ಛೇದವಿಲ್ಲ.

ನಾವು ಪ್ರಾಟೆಸ್ಟಂಟ್ ಪರಂಪರೆಯಲ್ಲಿ ನಿಂತು ಬರೆಯುತ್ತಿದ್ದೇವೆ. ರೋಮಿನ ಪರಿಪತ್ರವನ್ನು ಎತ್ತಿಕೊಂಡದ್ದು ಅದನ್ನು ಹಳಿಯುವುದಕ್ಕಲ್ಲ. ನಮ್ಮ ಪ್ರಸಂಗಪೀಠಗಳಲ್ಲೂ ನರ್ಸಿಂಗ್ ಶಾಲೆಗಳ ದೀಪದಾನದ ಆರಾಧನೆಗಳಲ್ಲೂ ಶಿಪ್ರಾ ಮತ್ತು ಪೂಗಾ ಎಂಬ ಆ ಇಬ್ಬರು ಇದೇ ಅರ್ಥದಲ್ಲಿ ಬಂದುಹೋಗುತ್ತಾರೆ. ಆದರೆ ನಮ್ಮವರು ಅದನ್ನು ಇಷ್ಟು ಸ್ಪಷ್ಟವಾಗಿ ಬರೆದಿಟ್ಟಿಲ್ಲ. ಸ್ಪಷ್ಟವಾಗಿ ಬರೆದಿಟ್ಟದ್ದನ್ನು ಮಾತ್ರವೇ ವಿಮರ್ಶಿಸಲು ಸಾಧ್ಯ. ನಮ್ಮ ಪ್ರಶ್ನೆ ಇಷ್ಟು: ಸೂಲಗಿತ್ತಿಯರ ಕಥೆಯನ್ನು ನಿರಾಕರಣೆಯ ಕಥೆಯಾಗಿ ಮಾತ್ರ ಓದಿದರೆ ಶುಶ್ರೂಷಕಿಯ ಮನಸ್ಸಾಕ್ಷಿಯಲ್ಲಿ ಯಾವುದು ಬಿಟ್ಟುಹೋಗುತ್ತದೆ?

ಮೊದಲು ಪಠ್ಯವನ್ನೇ ನೋಡೋಣ. ಅರಸನ ಆಜ್ಞೆ ಇರುವುದು ಹುಟ್ಟಿದ ಗಂಡುಮಕ್ಕಳನ್ನು ಕೊಲ್ಲುವುದಕ್ಕೆ. ಅದು ಗರ್ಭಪಾತದ ಪ್ರಸಂಗವಲ್ಲ, ರಾಜ್ಯವು ನಡೆಸಲೆತ್ನಿಸಿದ ಶಿಶುಹತ್ಯೆ. ಆ ಆಜ್ಞೆ ಸೂಲಗಿತ್ತಿಯರ ಮೇಲೂ ಹೆರುವ ಹೆಂಗಸರ ಮೇಲೂ ಒಂದೇ ಭಾರವಾಗಿ ಬೀಳುತ್ತದೆ. ಸೂಲಗಿತ್ತಿಯರು ದೇವರಿಗೆ ಭಯಪಟ್ಟು ಆಜ್ಞೆಯನ್ನು ನೆರವೇರಿಸಲಿಲ್ಲ ಎಂಬುದನ್ನು 17ನೆಯ ವಚನ ಹೇಳುತ್ತದೆ. ಅಷ್ಟಕ್ಕೇ ನಿಲ್ಲದೆ ಅವರು ಮಕ್ಕಳನ್ನು ಬದುಕಿಸಿದರು ಎಂದೂ ಹೇಳುತ್ತದೆ. ಅಲ್ಲಿರುವ ಹೀಬ್ರೂ ಕ್ರಿಯಾಪದದ ಅರ್ಥ ಸುಮ್ಮನೆ ಬಿಟ್ಟುಬಿಡುವುದಲ್ಲ, ಜೀವದಿಂದ ಉಳಿಸುವುದು. ಅವರು ಹೆರಿಗೆಯ ಕಲ್ಲುಗಳ ಬಳಿಯಿಂದ ಎದ್ದುಹೋಗಿ ತಮ್ಮ ಕೈಗಳನ್ನು ಶುದ್ಧವಾಗಿಟ್ಟುಕೊಂಡವರಲ್ಲ, ಕರೆದ ಮನೆಗೆಲ್ಲ ಹೋಗುತ್ತಲೇ ಇದ್ದರು. ಹೋಗದಿದ್ದರೆ ಅರಸನು ಅವರನ್ನು ಕರೆಸಿ ವಿಚಾರಿಸುವ ಪ್ರಸಂಗವೇ ಬರುತ್ತಿರಲಿಲ್ಲ.

ಇನ್ನು ಅವರ ಮಾತು. ಇಡೀ ಪ್ರಸಂಗದಲ್ಲಿ ಸೂಲಗಿತ್ತಿಯರು ಬಾಯಿ ತೆರೆಯುವುದು ಒಂದೇ ಬಾರಿ, ಅದೂ ಅರಸನ ಎದುರಿಗೆ. ಇಬ್ರಿಯ ಹೆಂಗಸರು ಐಗುಪ್ತದವರ ಹಾಗಲ್ಲ, ನಾವು ಹೋಗುವಷ್ಟರಲ್ಲಿ ಹೆತ್ತುಬಿಟ್ಟಿರುತ್ತಾರೆ ಎಂಬ ಅರ್ಥದ ಆ ಉತ್ತರವು ಅರಸನ ಪೂರ್ವಗ್ರಹವನ್ನೇ ಅವನ ವಿರುದ್ಧ ತಿರುಗಿಸುತ್ತದೆ. ಪರಕೀಯರ ಹೆಣ್ಣುಗಳು ಮೃಗಗಳಂತೆ ಹೆರುತ್ತವೆ ಎಂದು ನಂಬಿಕೊಂಡವನಿಗೆ ಆ ನಂಬಿಕೆಯನ್ನೇ ಉಣಬಡಿಸಿದರೆ ಅವನು ಮರುಪ್ರಶ್ನೆ ಹಾಕುವುದಿಲ್ಲ. ಅಗಸ್ಟೀನನು ಈ ಸುಳ್ಳಿನ ವಿಷಯದಲ್ಲಿ ಬಹಳ ತೊಳಲಾಡಿ, ದೇವರು ಪ್ರತಿಫಲವಿತ್ತದ್ದು ಅವರ ಸುಳ್ಳಿಗಲ್ಲ, ಅವರ ಕರುಣೆಗೆ ಎಂದು ತೀರ್ಮಾನಿಸಿದನು. ಆ ವಾದ ಇಲ್ಲಿ ನಮಗೆ ಬೇಕಾಗಿಲ್ಲ. ನಾವು ಗಮನಿಸಬೇಕಾದದ್ದು ಮಾತಿನ ದಿಕ್ಕು. ಹೆರುವವಳ ಪರವಾಗಿ ಅಧಿಕಾರದ ಕಡೆಗೆ ಅವರು ಮಾತನಾಡಿದರು; ಅಧಿಕಾರದ ಪರವಾಗಿ ಹೆರುವವಳ ಕಡೆಗೆ ಒಂದು ಮಾತನ್ನೂ ಆಡಲಿಲ್ಲ. ಅವರ ದೈವಭಯದಿಂದ ತೊಂದರೆ ಆದದ್ದು ಅರಸನಿಗೆ ಮಾತ್ರ.

ಪರಿಪತ್ರದ ಓದಿನಲ್ಲಿ ಈ ದಿಕ್ಕು ಬದಲಾಗಿದೆ. ಅಲ್ಲಿ ಫರೋಹನ ಸ್ಥಾನದಲ್ಲಿರುವುದು ಗರ್ಭಪಾತಕ್ಕೆ ಅನುಮತಿ ನೀಡುವ ಕಾನೂನು. ಆದರೆ ಅನುಮತಿ ನೀಡುವ ಕಾನೂನು ತಾನಾಗಿ ವಾರ್ಡಿಗೆ ಬರುವುದಿಲ್ಲ, ಅದನ್ನು ಕೇಳಿಕೊಂಡು ಬರುವವಳು ಒಬ್ಬ ಹೆಂಗಸು. ಆದ್ದರಿಂದ ಶುಶ್ರೂಷಕಿಯ 'ಒಲ್ಲೆ' ಎಂಬುದು ಅರಮನೆಯನ್ನು ಮುಟ್ಟುವ ಮೊದಲು ಮಂಚದ ಮೇಲಿರುವವಳನ್ನು ಮುಟ್ಟುತ್ತದೆ. ಇದಕ್ಕೆ ಕ್ಯಾಥೊಲಿಕ್ ನೀತಿಶಾಸ್ತ್ರದ ಉತ್ತರವೂ ಉಂಟು, ಅದು ದುರ್ಬಲವಾದದ್ದಲ್ಲ: ಇಲ್ಲಿ ಅಪಾಯದಲ್ಲಿರುವವನು ಹುಟ್ಟದ ಮಗು, ಸೂಲಗಿತ್ತಿಯು ನಿಲ್ಲುವುದು ಅವನ ಪರವಾಗಿ, ಮಾತನಾಡಲಾರದವನಿಗಾಗಿ. ಗರ್ಭಸ್ಥ ಜೀವವನ್ನು ಪೂರ್ಣಾರ್ಥದಲ್ಲಿ ನೆರೆಯವನೆಂದು ನಂಬಿದ ಶುಶ್ರೂಷಕಿಗೆ ಇದಕ್ಕಿಂತ ಗಂಭೀರವಾದ ಕರೆ ಬೇರಿಲ್ಲ. ಆ ನಂಬಿಕೆಯನ್ನು ನಾವು ಲಘುವಾಗಿ ಕಾಣುವುದಿಲ್ಲ. ಆದರೂ ಶಿಪ್ರಾ ಪೂಗಾ ಎಂಬವರು ಮಗುವಿನ ಜೀವವನ್ನು ತಾಯಿಯನ್ನು ಬಿಟ್ಟುಕೊಟ್ಟು ಉಳಿಸಿದವರಲ್ಲ. ಮಗುವನ್ನು ಉಳಿಸುವ ಸಾಧ್ಯತೆಯೇ ಇಲ್ಲದ ಕಡೆ ಆ ಉತ್ತರ ಏನಾಗುತ್ತದೆ ಎಂಬುದಕ್ಕೆ ಒಂದು ದಾಖಲೆ ನಮ್ಮ ಮುಂದಿದೆ. ಅದು ಐರ್ಲೆಂಡಿನದು, ಆದರೆ ಅದರ ನಡುವೆ ಇರುವವಳು ಬೆಳಗಾವಿಯವಳು.

ಸವಿತಾ ಹಾಲಪ್ಪನವರ್ ಬೆಳಗಾವಿಯಲ್ಲಿ ಬೆಳೆದು ದಂತವೈದ್ಯೆಯಾಗಿ ಪತಿಯೊಡನೆ ಗಾಲ್ವೇ ನಗರದಲ್ಲಿ ನೆಲೆಸಿದ್ದರು. 2012ರ ಅಕ್ಟೋಬರ್ 21ರಂದು, ಹದಿನೇಳು ವಾರಗಳ ಗರ್ಭಿಣಿಯಾಗಿದ್ದಾಗ, ಬೆನ್ನುನೋವಿನಿಂದ ಅಲ್ಲಿನ ವಿಶ್ವವಿದ್ಯಾಲಯ ಆಸ್ಪತ್ರೆಗೆ ಸೇರಿದರು. ಗರ್ಭ ನಿಲ್ಲಲಾರದೆಂಬುದು ವೈದ್ಯರಿಗೆ ತಿಳಿದಿತ್ತು. ಮರುದಿನ ನಸುಕಿನಲ್ಲಿ ನೀರಿನ ಚೀಲ ಒಡೆಯಿತು. ಗರ್ಭವನ್ನು ತೆಗೆದುಬಿಡಿ ಎಂದು ಅವರು ಕೇಳಿಕೊಂಡರು. ಭ್ರೂಣದ ಹೃದಯ ಇನ್ನೂ ಮಿಡಿಯುತ್ತಿದೆ ಎಂಬ ಕಾರಣಕ್ಕೆ ಅದನ್ನು ನಿರಾಕರಿಸಲಾಯಿತು. 24ರಂದು ಗರ್ಭ ತಾನಾಗಿ ಹೊರಬಿದ್ದಿತು. ಅಷ್ಟರಲ್ಲಿ ಸೋಂಕು ರಕ್ತಕ್ಕೇರಿತ್ತು. ಅಕ್ಟೋಬರ್ 28ರಂದು, ಮೂವತ್ತೊಂದನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಹಿನ್ನೆಲೆಯನ್ನು ಚುಟುಕಾಗಿ ಹೇಳುವುದಾದರೆ, 1983ರಲ್ಲಿ ಐರಿಷ್ ಸಂವಿಧಾನಕ್ಕೆ ಬಂದ ಎಂಟನೆಯ ತಿದ್ದುಪಡಿ ಗರ್ಭಸ್ಥ ಜೀವಕ್ಕೂ ತಾಯಿಗೂ ಸಮಾನ ಜೀವಿಸುವ ಹಕ್ಕನ್ನು ಕೊಟ್ಟಿತ್ತು. 1992ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ತಾಯಿಯ ಜೀವಕ್ಕೆ ನಿಜವಾದ, ಗಣನೀಯವಾದ ಅಪಾಯವಿದ್ದರೆ ಗರ್ಭಪಾತ ಸಕ್ರಮವೆಂದು ಹೇಳಿತ್ತು. ಅಪಾಯ ಎಷ್ಟಾದರೆ ಗಣನೀಯ ಎಂಬುದನ್ನು ಹೇಳುವ ಶಾಸನ ಮಾತ್ರ ಇಪ್ಪತ್ತು ವರ್ಷ ಬರಲಿಲ್ಲ. ತಪ್ಪಿದರೆ 1861ರ ಕಾಯಿದೆಯಂತೆ ಜೀವಾವಧಿ ಸೆರೆ.

ಸವಿತಾ ಅವರ ಬೇಡಿಕೆಗೆ ಬಂದ ಉತ್ತರದಲ್ಲಿ 'ಇದು ಕ್ಯಾಥೊಲಿಕ್ ದೇಶ' ಎಂಬ ಮಾತಿತ್ತೆಂದು ಅವರ ಪತಿ ಹೇಳಿದ್ದು ಜಗತ್ತಿಗೆಲ್ಲ ತಿಳಿಯಿತು. ತಾನು ಹಾಗೆ ಹೇಳಿಲ್ಲವೆಂದು ವೈದ್ಯೆ ನುಡಿದರು. 2013ರ ಏಪ್ರಿಲ್‌ನಲ್ಲಿ ನಡೆದ ಮರಣ ವಿಚಾರಣೆಯಲ್ಲಿ ಆ ಮಾತನ್ನು ಆಡಿದವಳು ತಾನೆಂದು ಒಪ್ಪಿಕೊಂಡದ್ದು ಒಬ್ಬ ಹಿರಿಯ ಸೂಲಗಿತ್ತಿ. ನೋಯಿಸುವ ಉದ್ದೇಶ ತನಗಿರಲಿಲ್ಲ, ಮಾತಿಗೆ ಮಾತು ಬಂದಾಗ ದೇಶದ ಕಾನೂನು ಏಕೆ ಹೀಗಿದೆ ಎಂದು ತಿಳಿಸಿದ್ದಷ್ಟೇ, ಅದು ಕೇಳಿಸಿದ ರೀತಿಗಾಗಿ ವಿಷಾದಿಸುತ್ತೇನೆ ಎಂಬ ಆಶಯದ ಸಾಕ್ಷ್ಯವನ್ನು ಆಕೆ ಕೊಟ್ಟರು. ಅದನ್ನು ನಂಬದಿರಲು ನಮಗೆ ಕಾರಣ ಕಾಣುವುದಿಲ್ಲ. ಆ ಕಾನೂನನ್ನು ಬರೆದವಳು ಆಕೆಯಲ್ಲ. ಸವಿತಾ ಅವರ ಚಿಕಿತ್ಸೆಯ ತೀರ್ಮಾನವೂ ಆಕೆಯದಾಗಿರಲಿಲ್ಲ. ಸಂವಿಧಾನ, ಶಾಸನ, ಬಿಷಪ್ಪರ ಬೋಧನೆ, ವೈದ್ಯರ ಅಂಜಿಕೆ ಎಲ್ಲವೂ ಸೇರಿ ಒಂದು ವಾಕ್ಯವಾಗಿ ರೋಗಿಯ ಕಿವಿಗೆ ಬೀಳುವಾಗ ಅದನ್ನು ಹೊತ್ತು ತಂದ ನಾಲಗೆ ಮಾತ್ರ ಆಕೆಯದು. ಶುಶ್ರೂಷಕಿಯ ವೃತ್ತಿಯ ಒಂದು ಕಹಿ ಸತ್ಯ ಇಲ್ಲಿದೆ: ಬೇರೆಯವರ ತೀರ್ಪುಗಳನ್ನು ಮನುಷ್ಯಭಾಷೆಗೆ ಅನುವಾದಿಸುವ ಕೆಲಸ ಅವಳ ಪಾಲಿಗೆ ಬರುತ್ತದೆ. ವಿಮೋಚನಕಾಂಡದಲ್ಲಿ ಸೂಲಗಿತ್ತಿಯ ಮಾತು ಮಂಚದ ಕಡೆಯಿಂದ ಅರಮನೆಗೆ ಹೋಯಿತು. ಗಾಲ್ವೇಯಲ್ಲಿ ಅದು ಅರಮನೆಯ ಕಡೆಯಿಂದ ಮಂಚಕ್ಕೆ ಬಂದಿತು.

ಇಲ್ಲಿ ಬಿಷಪ್ಪರ ಮಾತನ್ನೂ ಕೇಳಬೇಕು. ಸವಿತಾ ಅವರ ಮರಣದ ಸುದ್ದಿ ಹೊರಬಿದ್ದ ಮೇಲೆ, 2012ರ ನವೆಂಬರಿನಲ್ಲಿ, ಐರ್ಲೆಂಡಿನ ಕ್ಯಾಥೊಲಿಕ್ ಬಿಷಪ್ಪರು ಒಂದು ಹೇಳಿಕೆ ಹೊರಡಿಸಿ, ತಾಯಿಯ ಜೀವಕ್ಕಿಂತ ಗರ್ಭಸ್ಥ ಶಿಶುವಿನ ಜೀವ ಮೇಲು ಎಂದು ಸಭೆ ಎಂದೂ ಬೋಧಿಸಿಲ್ಲವೆಂದು ಸ್ಪಷ್ಟಪಡಿಸಿದರು. ಬೋಧನೆಯ ದೃಷ್ಟಿಯಿಂದ ಇದು ನಿಜ. ತಾಯಿಯ ಪ್ರಾಣವುಳಿಸುವ ಚಿಕಿತ್ಸೆಯಿಂದ ಮಗುವಿಗೆ ಅನುದ್ದೇಶಿತವಾಗಿ ಹಾನಿಯಾದರೆ ಅದು ಸಹ್ಯವೆಂಬ ದ್ವಿಫಲ ತತ್ತ್ವ ಆ ಪರಂಪರೆಯಲ್ಲಿ ಬಹಳ ಹಳೆಯದು. ಆದರೆ ದೇವಶಾಸ್ತ್ರಕ್ಕೆ ತನ್ನ ಸೂಕ್ಷ್ಮ ವಿವೇಚನೆಗಳೆಲ್ಲ ಇದ್ದಂತೆಯೇ ವಾರ್ಡಿಗೆ ತಲುಪುತ್ತವೆ ಎಂಬ ಭ್ರಮೆ ಇರಬಾರದು. ದಾರಿಯಲ್ಲಿ ಅವೆಲ್ಲ ಕಳಚಿಬಿದ್ದು, ಕೊನೆಗೆ ಉಳಿದು ತಲುಪಿದ್ದು ಒಂದು ದೇಶದ ಹೆಸರು, ಒಂದು ಧರ್ಮದ ಹೆಸರು. ಬೋಧನೆಯನ್ನು ಅದರ ಪಠ್ಯದಿಂದ ಅಳೆಯುವಂತೆಯೇ ಅದು ಕಟ್ಟಕಡೆಯ ನಾಲಗೆಯಲ್ಲಿ ಯಾವ ರೂಪ ತಾಳುತ್ತದೆಂಬುದರಿಂದಲೂ ಅಳೆಯುವುದು ನ್ಯಾಯ.

ಮನಸ್ಸಾಕ್ಷಿಯ ದೇವಶಾಸ್ತ್ರಕ್ಕೆ ಇದಕ್ಕಿಂತ ಕಷ್ಟದ ಪ್ರಶ್ನೆಯನ್ನು ಕೇಳುವುದು ತನಿಖಾ ವರದಿಗಳು. ಸಬಾರತ್ನಂ ಅರುಳ್‌ಕುಮಾರನ್ ಅವರ ಅಧ್ಯಕ್ಷತೆಯಲ್ಲಿ ಸಿದ್ಧವಾಗಿ 2013ರ ಜೂನಿನಲ್ಲಿ ಬಂದ ವರದಿಯು, ಭ್ರೂಣದ ಹೃದಯ ನಿಲ್ಲುವವರೆಗೆ ಕೈಹಾಕಬಾರದೆಂಬುದಕ್ಕೆ ಅತಿಯಾದ ಒತ್ತೂ, ತಾಯಿಯಲ್ಲಿ ಸೋಂಕನ್ನು ಗಮನಿಸುವುದಕ್ಕೆ ತೀರ ಕಡಿಮೆ ಒತ್ತೂ ಬಿದ್ದುದನ್ನು ಗುರುತಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಆರೋಗ್ಯ ಗುಣಮಟ್ಟ ಪ್ರಾಧಿಕಾರದ ವರದಿ ಕೈತಪ್ಪಿದ ಹದಿಮೂರು ಅವಕಾಶಗಳನ್ನು ಎಣಿಸಿತು. ನೀರಿನ ಚೀಲ ಒಡೆದ ಮೇಲೆ ನಾಲ್ಕು ಗಂಟೆಗೊಮ್ಮೆ ನೋಡಬೇಕಾದ ನಾಡಿ, ಉಷ್ಣಾಂಶ, ರಕ್ತದೊತ್ತಡಗಳನ್ನು ಹಾಗೆ ನೋಡಿರಲಿಲ್ಲ. ಆಸ್ಪತ್ರೆಗೆ ಸೇರಿದ ದಿನ ತೆಗೆದ ರಕ್ತದಲ್ಲಿ ಬಿಳಿ ಕಣಗಳು ಏರಿದ್ದುದು ತಡವಾಗಿ ಗಮನಕ್ಕೆ ಬಂದಿತು. 24ರ ನಸುಕಿನ ನಾಲ್ಕರ ಸುಮಾರಿಗೆ ಸವಿತಾ ಚಳಿಯಿಂದ ಹಲ್ಲು ಕಡಿಯುವಷ್ಟು ನಡುಗುತ್ತಿದ್ದಾಗ ಪಾಳಿಯಲ್ಲಿದ್ದ ಸೂಲಗಿತ್ತಿಯು ಕಂಬಳಿ ಹೊದಿಸಿದರು, ಪ್ಯಾರಾಸಿಟಮಾಲ್ ಕೊಟ್ಟರು. ಅದು ಕರುಣೆಯೇ. ಆದರೆ ಆ ನಡುಕ ಕೋಣೆಯ ಚಳಿಯದಲ್ಲ, ರಕ್ತಕ್ಕೇರಿದ ಸೋಂಕಿನದು ಎಂಬುದು ಗೊತ್ತಾಗುವಷ್ಟರಲ್ಲಿ ಗಂಟೆಗಳು ಕಳೆದಿದ್ದವು.

ಮನಸ್ಸಾಕ್ಷಿಯನ್ನು ಕುರಿತ ನಮ್ಮ ಗ್ರಂಥಗಳಲ್ಲಿ ಥರ್ಮಾಮೀಟರಿಗೆ ಸ್ಥಳವಿಲ್ಲ. ಶುಶ್ರೂಷಕಿಯ ನೈತಿಕ ಜೀವನವು ಯಾವುದೋ ಒಂದು ನಾಟಕೀಯ ಕ್ಷಣದಲ್ಲಿ, ಅವಳು ಉಪಕರಣವನ್ನು ಮುಟ್ಟುವಳೋ ಇಲ್ಲವೋ ಎಂಬ ಕ್ಷಣದಲ್ಲಿ, ತೀರ್ಮಾನವಾಗುತ್ತದೆಂದು ಅವು ಭಾವಿಸುತ್ತವೆ. ವೃತ್ತಿಯಲ್ಲಿರುವವರಿಗೆ ಗೊತ್ತಿರುವುದು ಬೇರೆ. ಭ್ರೂಣದ ಮಿಡಿತವನ್ನು ಮತ್ತೆ ಮತ್ತೆ ಕೇಳಿ, ತಾಯಿಯ ನಾಡಿಯನ್ನು ಹಿಡಿಯದೆ ಬಿಡುವುದು ಕೂಡ ಒಂದು ದೇವಶಾಸ್ತ್ರವೇ, ಯಾರೂ ಹಾಗೆಂದು ಕರೆಯದಿದ್ದರೂ. ಯಾವ ಹೃದಯಕ್ಕೆ ಕಿವಿಗೊಡಬೇಕೆಂಬುದನ್ನು ಒಂದು ನಾಡಿನ ಕಾನೂನೂ ಬೋಧನೆಯೂ ಮೂವತ್ತು ವರ್ಷ ಕಲಿಸಿದ ಮೇಲೆ ಶುಶ್ರೂಷಕಿಯ ಕಿವಿ ಅತ್ತಲೇ ವಾಲುವುದರಲ್ಲಿ ಆಶ್ಚರ್ಯವೇನು?

ಕಾನೂನೂ ಶುಶ್ರೂಷಕಿಯನ್ನು ಕೈಗಳ ಮೂಲಕವೇ ನೋಡುತ್ತದೆ, ಆದರೆ ಅಲ್ಲಿ ಅವಳ ದನಿ ಸ್ವಲ್ಪ ಹೆಚ್ಚು ಕೇಳಿಸುತ್ತದೆ. ಬ್ರಿಟನ್ನಿನ 1967ರ ಕಾಯಿದೆಯಂತೆ ಗರ್ಭವನ್ನು ಕೊನೆಗಾಣಿಸಬೇಕಾದವರು ವೈದ್ಯರು. ಎಪ್ಪತ್ತರ ದಶಕದಲ್ಲಿ ಔಷಧದಿಂದ ಹೆರಿಗೆಯನ್ನು ಪ್ರೇರಿಸುವ ಪದ್ಧತಿ ಬಂದಾಗ, ವೈದ್ಯರು ನಳಿಕೆಯನ್ನಿಟ್ಟು ಹೋದ ಮೇಲೆ ಗಂಟೆಗಟ್ಟಲೆ ಔಷಧ ಹರಿಸುವುದು, ನೋವಿನಲ್ಲಿರುವವಳ ಬಳಿ ಕೂರುವುದು, ಹೊರಬಂದದ್ದನ್ನು ಪಾತ್ರೆಯಲ್ಲಿ ಹಿಡಿಯುವುದು ಎಲ್ಲವೂ ಶುಶ್ರೂಷಕಿಯರ ಪಾಲಾಯಿತು. ಇದು ನಮಗೆ ಸಕ್ರಮವೇ ಎಂದು ರಾಯಲ್ ಕಾಲೇಜ್ ಆಫ್ ನರ್ಸಿಂಗ್ ನ್ಯಾಯಾಲಯವನ್ನು ಕೇಳಿತು. ಕೆಳಗಿನ ನ್ಯಾಯಾಧೀಶರು ಹೌದೆಂದರು, ಮೇಲ್ಮನವಿ ನ್ಯಾಯಾಲಯದ ಮೂವರೂ ಅಲ್ಲವೆಂದರು, 1981ರಲ್ಲಿ ಹೌಸ್ ಆಫ್ ಲಾರ್ಡ್ಸ್ ಮೂವರು ಇಬ್ಬರಂತೆ ಒಡೆದು, ವೈದ್ಯರ ನಿರ್ದೇಶನದಲ್ಲಿ ನಡೆದರೆ ಸಕ್ರಮವೆಂದಿತು. ಮೂರು ಹಂತಗಳ ಒಂಬತ್ತು ನ್ಯಾಯಾಧೀಶರಲ್ಲಿ ಐವರು ಶುಶ್ರೂಷಕಿಯರ ವಾದವನ್ನೇ ಒಪ್ಪಿದ್ದರೂ ಅವರು ಸೋತದ್ದು ನ್ಯಾಯಶಾಸ್ತ್ರದ ಒಂದು ವಿನೋದ. ಅದಿರಲಿ. ಆ ಪ್ರಶ್ನೆಯ ಸ್ವರವನ್ನು ನಾವು ಗಮನಿಸಬೇಕು. ಗರ್ಭಪಾತ ಬೇಕೇ ಬೇಡವೇ ಎಂದು ಅವರು ಕೇಳಲಿಲ್ಲ. ಕೆಲಸ ನಮ್ಮದು, ಹೆಸರು ಮತ್ತು ಅಧಿಕಾರ ಬೇರೊಬ್ಬರದು, ಹಾಗಾದರೆ ಹೊಣೆ ಯಾರದು ಎಂಬುದು ಅವರ ಪ್ರಶ್ನೆಯಾಗಿತ್ತು.

2014ರ ಡಿಸೆಂಬರಿನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದದ್ದು ಗ್ಲಾಸ್ಗೋದ ಇಬ್ಬರು ಕ್ಯಾಥೊಲಿಕ್ ಸೂಲಗಿತ್ತಿಯರ ಮೊಕದ್ದಮೆ. ಹೆರಿಗೆ ವಾರ್ಡಿನ ಸಂಯೋಜಕಿಯರಾಗಿದ್ದ ಅವರು ಗರ್ಭಪಾತದ ಪ್ರಕರಣಗಳಿಗೆ ಸಿಬ್ಬಂದಿಯನ್ನು ನಿಯೋಜಿಸುವುದು, ಮೇಲ್ವಿಚಾರಣೆ ಮಾಡುವುದು ಕೂಡ ತಮ್ಮ ಮನಸ್ಸಾಕ್ಷಿಗೆ ವಿರುದ್ಧವೆಂದು ವಾದಿಸಿದರು. ಪಾಲ್ಗೊಳ್ಳುವುದೆಂದರೆ ಸ್ವತಃ ಕೈಯಿಂದ ಮಾಡುವುದು, ಅಷ್ಟಕ್ಕೆ ಮಾತ್ರ ವಿನಾಯಿತಿ ಎಂದು ಲೇಡಿ ಹೇಲ್ ಅವರ ತೀರ್ಪು ಹೇಳಿತು. ಒಲ್ಲದವರು ರೋಗಿಯನ್ನು ಒಲ್ಲೆನೆನ್ನದ ಇನ್ನೊಬ್ಬರ ಬಳಿಗೆ ಕಳುಹಿಸಬೇಕೆಂಬ ಮಾತನ್ನೂ ಸೇರಿಸಿತು. ಈ ತೀರ್ಪನ್ನು ಖಂಡಿಸಿದ ಕ್ರೈಸ್ತ ಬರೆಹಗಳು ಹಲವು. ನಮಗೆ ಕಾಣುವಂತೆ ನ್ಯಾಯಾಲಯವು ಮನಸ್ಸಾಕ್ಷಿಯನ್ನು ಬೆರಳ ತುದಿಗೆ ಇಳಿಸಿದ್ದು ನಿಜ. ಆದರೆ ಆ ಖಂಡನೆಗಳೂ ಅದೇ ಅಳತೆಗೋಲನ್ನು ಹಿಡಿದಿದ್ದವು. ಕೈಯ ಬದಲು ಮೊಣಕೈವರೆಗೆ, ಭುಜದವರೆಗೆ ವಿನಾಯಿತಿ ಬೇಕೆಂದವು, ಅಷ್ಟೇ. ದೂರ ನಿಲ್ಲುವ ಹಕ್ಕು ಎಲ್ಲಿಯವರೆಗೆ ಎಂಬುದೇ ಎರಡೂ ಪಕ್ಷಗಳ ಪ್ರಶ್ನೆಯಾಗಿತ್ತು. ದೂರ ನಿಂತವಳಿಂದ ಮಂಚದ ಮೇಲಿರುವವಳಿಗೆ ಏನು ಸಲ್ಲಬೇಕು ಎಂದು ಸಭೆಯ ಕಡೆಯಿಂದ ಯಾರಾದರೂ ಕೇಳಿದ್ದರೆ ಚರ್ಚೆ ಬೇರೆಯಾಗುತ್ತಿತ್ತು.

ನಮ್ಮದೇ ಪರಂಪರೆ ಇಲ್ಲಿ ಹೆಚ್ಚೇನೂ ಹೆಮ್ಮೆಪಡುವಂತಿಲ್ಲ. ಕಾರ್ಲ್ ಬಾರ್ತ್ 1951ರಲ್ಲಿ ಪ್ರಕಟವಾದ ತಮ್ಮ 'ಸಭಾ ಸಿದ್ಧಾಂತ'ದ ಸಂಪುಟದಲ್ಲಿ ಗರ್ಭಪಾತಕ್ಕೆ ದೃಢವಾದ 'ಇಲ್ಲ'ವನ್ನು ಹೇಳಿಯೂ ದೇವರ ಆಜ್ಞೆಯೇ ಅಪರೂಪದ ಸಂದರ್ಭದಲ್ಲಿ ಬೇರೆ ದಾರಿ ತೆರೆಯಬಹುದೆಂದು ಒಪ್ಪುತ್ತಾರೆ. ಬೊನ್‌ಹೋಫರ್ ಅದನ್ನು ಕೊಲೆಯೆಂದೇ ಕರೆದರೂ ಅಪರಾಧವು ಹಲವು ವೇಳೆ ಆ ಹೆಣ್ಣಿಗಿಂತ ಸಮುದಾಯದ ಮೇಲಿರುತ್ತದೆಂದು ಬರೆಯುತ್ತಾರೆ. ಈ ಮಾತು ಇಂದಿಗೂ ನಮ್ಮ ಬೋಧಕರಿಗೆ ರುಚಿಸುವುದಿಲ್ಲ. ಬೆವರ್ಲಿ ಹ್ಯಾರಿಸನ್ 1983ರ ತಮ್ಮ ಗ್ರಂಥದಲ್ಲಿ ಸ್ತ್ರೀಯೇ ನೈತಿಕ ನಿರ್ಣಯದ ಕರ್ತೃ ಎಂಬಲ್ಲಿಂದ ಹೊರಟು ಚರ್ಚೆಯ ನೆಲೆಯನ್ನೇ ಬದಲಿಸಿದರು. ಮೂವರೂ ಬೇರೆಬೇರೆ ದಿಕ್ಕಿನವರು. ಶುಶ್ರೂಷಕಿಯು ಮಾತ್ರ ಮೂವರ ವಿಚಾರದಲ್ಲೂ ಅಂಚಿನಲ್ಲೇ ಉಳಿಯುತ್ತಾಳೆ. ತನ್ನ ಮನಸ್ಸಾಕ್ಷಿಯನ್ನು ಅವಳು ನಿತ್ಯವೂ ಇನ್ನೊಬ್ಬರ ಆದೇಶದ ಕೆಳಗೆ ನಡೆಸಬೇಕು ಎಂಬ ಸ್ಥಿತಿಯೇ ದೇವಶಾಸ್ತ್ರದ ಪ್ರಶ್ನೆಯೆಂದು ಇವರಿಗೆ ಹೊಳೆದಂತಿಲ್ಲ.

ನಮ್ಮ ನಾಡಿಗೆ ಬಂದರೆ ಚಿತ್ರ ತಿರುವುಮುರುವಾಗುತ್ತದೆ. 1971ರ ವೈದ್ಯಕೀಯ ಗರ್ಭಪಾತ ಕಾಯಿದೆಯು, ಎಂ.ಟಿ.ಪಿ. ಎಂದೇ ವಾರ್ಡುಗಳಲ್ಲಿ ಪರಿಚಿತವಾದದ್ದು, ಶುಶ್ರೂಷಕಿಗೆ ಅಧಿಕಾರವನ್ನೂ ಕೊಡುವುದಿಲ್ಲ, ಮನಸ್ಸಾಕ್ಷಿಯ ವಿನಾಯಿತಿಯನ್ನೂ ಕೊಡುವುದಿಲ್ಲ. ಮಾಡಬಹುದಾದವರು ನೋಂದಾಯಿತ ವೈದ್ಯರು ಮಾತ್ರ. ತರಬೇತಿ ಹೊಂದಿದ ಶುಶ್ರೂಷಕಿಯರೂ ಸೂಲಗಿತ್ತಿಯರೂ ಮೊದಲ ತಿಂಗಳುಗಳ ಗರ್ಭಪಾತವನ್ನು ಸುರಕ್ಷಿತವಾಗಿ ನಿರ್ವಹಿಸಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಅದಕ್ಕೂ ಮೊದಲೇ, 2014ರ ತಿದ್ದುಪಡಿ ಕರಡಿನಲ್ಲಿ ಅವರಿಗೂ ಅವಕಾಶ ನೀಡುವ ಪ್ರಸ್ತಾಪ ನಮ್ಮಲ್ಲಿ ಬಂದಿತ್ತು. ವೈದ್ಯಸಂಘದ ವಿರೋಧದ ನಡುವೆ ಅದು ಬಿದ್ದುಹೋಯಿತು. 2021ರ ತಿದ್ದುಪಡಿ ಕೆಲವು ವರ್ಗದ ಸ್ತ್ರೀಯರಿಗೆ ಅವಧಿಯನ್ನು ಇಪ್ಪತ್ತರಿಂದ ಇಪ್ಪತ್ತನಾಲ್ಕು ವಾರಕ್ಕೆ ಏರಿಸಿತು, 2022ರ ಸೆಪ್ಟೆಂಬರ್ 29ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ಅವಿವಾಹಿತೆಯರನ್ನೂ ಆ ಅವಕಾಶದೊಳಗೆ ತಂದಿತು. ಶುಶ್ರೂಷಕಿಯ ಸ್ಥಾನ ಇದ್ದಲ್ಲೇ ಇದೆ.

ಆದರೆ ಕಾಯಿದೆಯಲ್ಲಿ ಅವಳಿಗೆ ಸಂಬಂಧಿಸಿದ ಒಂದು ವಿಷಯ ಅವಳ ಹೆಸರಿಲ್ಲದೆಯೇ ಇದೆ. ವಯಸ್ಕಳಾದ ಸ್ತ್ರೀಯ ವಿಷಯದಲ್ಲಿ ಬೇಕಾದದ್ದು ಅವಳೊಬ್ಬಳ ಒಪ್ಪಿಗೆ. ಗಂಡನ ಸಹಿ ಬೇಕಿಲ್ಲ. ಹಾಗಿದ್ದರೂ ಗಂಡನನ್ನು ಕರೆದುಕೊಂಡು ಬಾ ಎನ್ನುವ ಆಸ್ಪತ್ರೆಗಳಿವೆ, ಹಾಗೆಂದು ಬಾಗಿಲಲ್ಲಿ ಹೇಳುವವಳು ಮತ್ತೆ ಸಿಸ್ಟರೇ. ಕನ್ನಡದಲ್ಲಿ ಗರ್ಭಪಾತ ಎಂಬ ಒಂದೇ ಶಬ್ದ ತಾನಾಗಿ ಬಿದ್ದದ್ದಕ್ಕೂ ಬೀಳಿಸಿದ್ದಕ್ಕೂ ಬಳಕೆಯಾಗುತ್ತದೆ. 'ಹೊಟ್ಟೆ ಹೋಯಿತು' ಎಂದವಳು ಮತ್ತು 'ತೆಗೆಸಬೇಕು' ಎಂದವಳು ಒಬ್ಬಳೇ ಆಗಿರಬಹುದು. 'ತೆಗೆಸಬೇಕು' ಎಂಬ ಮಾತು ಅವಳದೋ ಬಾಗಿಲಾಚೆ ಕೂತ ಅತ್ತೆಯದೋ ಎಂಬುದು ಅರ್ಜಿಯಲ್ಲಿ ತಿಳಿಯುವುದಿಲ್ಲ. ಅವಳೊಡನೆ ಐದು ನಿಮಿಷ ಒಬ್ಬಂಟಿಯಾಗಿ ಕೂತವಳಿಗೆ ತಿಳಿಯುತ್ತದೆ.

ಇದನ್ನು ಹೇಳುವುದಕ್ಕೆ ಕಾರಣವಿದೆ. ಲಿಂಗಪತ್ತೆಯನ್ನು ನಿಷೇಧಿಸುವ ಕಾಯಿದೆ 1994ರಲ್ಲೇ ಬಂದಿದ್ದರೂ, 2023ರ ಕೊನೆಯಲ್ಲಿ ಮಂಡ್ಯದ ಒಂದು ಆಲೆಮನೆಯಲ್ಲಿ ಭ್ರೂಣದ ಲಿಂಗ ನೋಡಿ ಹೆಣ್ಣಾದರೆ ತೆಗೆಸುವ ಜಾಲ ನಡೆಯುತ್ತಿದ್ದುದು ಹೊರಬಿದ್ದಿತು. ಬಂಧಿತರಲ್ಲಿ ವೈದ್ಯರೂ ಇದ್ದರು. ವಿಮೋಚನಕಾಂಡದ ಅರಸನು ಗಂಡನ್ನು ಕೊಂದು ಹೆಣ್ಣನ್ನು ಉಳಿಸೆಂದ. ನಮ್ಮಲ್ಲಿ ಆಜ್ಞೆ ತಲೆಕೆಳಗಾಗಿದೆ, ಫರೋಹನೂ ಮನೆಯೊಳಗೇ ಇದ್ದಾನೆ. ಶಿಪ್ರಾ ಪೂಗಾರ ಕಥೆಯನ್ನು ಅಕ್ಷರಶಃ ಅನ್ವಯಿಸಬಹುದಾದ ಸ್ಥಳ ಕರ್ನಾಟಕದಲ್ಲಿದ್ದರೆ ಅದು ಇದು. ಇಲ್ಲಿ ಶುಶ್ರೂಷಕಿಯ 'ಒಲ್ಲೆ' ಮಂಚದ ಮೇಲಿರುವವಳಿಗೆ ವಿರುದ್ಧವಾಗಬೇಕಾಗಿಲ್ಲ. ಅವಳ ಬೆನ್ನಹಿಂದೆ ನಿಂತ ಅಧಿಕಾರಕ್ಕೆ ವಿರುದ್ಧವಾಗಬಲ್ಲುದು. ಗರ್ಭಪಾತದ ಹಕ್ಕನ್ನು ಬೆಂಬಲಿಸುವ ಶುಶ್ರೂಷಕಿಗೂ ವಿರೋಧಿಸುವ ಶುಶ್ರೂಷಕಿಗೂ ಇಲ್ಲಿ ಕೆಲಸ ಒಂದೇ: ಆ ಹೆಂಗಸಿನ ಸ್ವಂತ ಮಾತು ಯಾವುದೆಂದು ಕೇಳಿಸಿಕೊಳ್ಳುವುದು. ಎರಡು ಪಕ್ಷಗಳಾಗಿ ನಿಂತು ವಾದಿಸುವ ದೇವಶಾಸ್ತ್ರಜ್ಞರಿಗೆ ಈ ಸಾಮಾನ್ಯ ನೆಲ ಸುಲಭವಾಗಿ ಕಾಣುವುದಿಲ್ಲ.

ನಿರಾಕರಿಸುವ ಶುಶ್ರೂಷಕಿಯನ್ನು ಬಲವಂತಪಡಿಸಬೇಕೆಂಬುದು ನಮ್ಮ ವಾದವಲ್ಲ. ಐದನೆಯ ತಿಂಗಳಿನಲ್ಲಿ ಹೊರಬಂದದ್ದನ್ನು ಕೈಯಲ್ಲಿ ಹಿಡಿದವಳಿಗೆ ನಮ್ಮಂಥ ಬರೆಹಗಾರರಿಗಿಂತ ಹೆಚ್ಚು ಗೊತ್ತು. ಅವಳ ಸಂಕಟವನ್ನು ಹಿಂದುಳಿದ ಮನೋಭಾವವೆಂದು ತಳ್ಳಿಹಾಕುವ ಹಕ್ಕುವಾದವೂ ಅವಳನ್ನು ಉಪಕರಣವಾಗಿಯೇ ಕಾಣುತ್ತದೆ. ನಾವು 'ಇವಾಂಜೆಲಿಯಮ್ ವಿಟೇ'ಯ ಓದನ್ನು ಅಪೂರ್ಣವೆನ್ನುವುದು ಅದು ನಿರಾಕರಣೆಗೆ ಗೌರವ ಕೊಟ್ಟದ್ದಕ್ಕಲ್ಲ, ಅಲ್ಲಿಗೇ ನಿಂತದ್ದಕ್ಕೆ. ಪಠ್ಯದ ದೈವಭಯದಲ್ಲಿ ಬಳಿಯಿರುವುದೂ, ಜೀವವುಳಿಸುವ ಕೌಶಲವೂ, ಮೇಲಿನವರಿಗೆ ಎದುರುತ್ತರ ಕೊಡುವ ಧೈರ್ಯವೂ ಸೇರಿವೆ. ಈ ಮೂರರಿಂದ ಬಿಡಿಸಿ ತೆಗೆದ ನಿರಾಕರಣೆಯನ್ನು ಶಿಪ್ರಾ ಪೂಗಾರ ಹೆಸರಿನಲ್ಲಿ ಸಮರ್ಥಿಸಲಾಗದು. ನಾನು ಇದನ್ನು ಮಾಡಲಾರೆ ಎನ್ನುವ ಸಿಸ್ಟರು ನಿನಗೆ ಕಾನೂನಿನಲ್ಲಿ ಇಂಥ ದಾರಿಯುಂಟು, ಇಂಥವರು ಬರುತ್ತಾರೆ, ಅಲ್ಲಿಯವರೆಗೆ ನಿನ್ನ ನಾಡಿ ನೋಡುತ್ತ ನಾನು ಇಲ್ಲೇ ಇರುತ್ತೇನೆ ಎಂದೂ ಹೇಳಬಲ್ಲಳು. ಹಾಗೆ ಹೇಳುವುದರಿಂದ ತಾನು ಪಾಪದಲ್ಲಿ ಪಾಲುಗೊಂಡೆನೋ ಎಂಬ ಭಯವನ್ನು ಅವಳಲ್ಲಿ ಬಿತ್ತಿದ್ದು ನಾವೇ ಆಗಿರುವಾಗ ಅದನ್ನು ಬಿಡಿಸುವ ಹೊಣೆಯೂ ನಮ್ಮದೇ.

ಈ ಹೊಣೆ ಕನ್ನಡ ಸಭೆಗಳಿಗೆ ದೂರದ್ದೇನಲ್ಲ. ಹೆರಿಗೆಯ ರಕ್ತವನ್ನು ಮೈಲಿಗೆಯೆಂದು ಮೇಲುಜಾತಿಗಳು ದೂರವಿಟ್ಟ ಕಾಲದಲ್ಲಿ ಈ ದೇಶದ ಶುಶ್ರೂಷಾವೃತ್ತಿಗೆ ಬಂದವರು ಬಹುಪಾಲು ಕ್ರೈಸ್ತ ಹೆಣ್ಣುಮಕ್ಕಳು. ಗದಗ-ಬೆಟಗೇರಿಯ ಬಾಸೆಲ್ ಮಿಷನ್ ಆಸ್ಪತ್ರೆಯೂ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯೂ ಅಂಥವರ ದುಡಿಮೆಯಿಂದ ನಿಂತವು. ಪಾವಗಡದ ಸೀಮೆಯಲ್ಲಿ ಸಾವಿರಾರು ಹೆರಿಗೆಗಳನ್ನು ಕಾಸಿಲ್ಲದೆ ಮಾಡಿಸಿದ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾಡು ಅವರನ್ನು ಸೂಲಗಿತ್ತಿ ನರಸಮ್ಮ ಎಂದೇ ಕರೆಯಿತು. ನಮ್ಮ ಸತ್ಯವೇದದ ಭಾಷಾಂತರಕಾರರು ಶಿಪ್ರಾ ಪೂಗಾರಿಗೆ ಕೊಟ್ಟ ಹೆಸರೂ ಅದೇ.

ಇನ್ನೊಂದು ಪಠ್ಯಸಂಗತಿಯನ್ನು ಹೇಳಬೇಕು. 15ನೆಯ ವಚನದ ಹೀಬ್ರೂ ಮೂಲವನ್ನು 'ಇಬ್ರಿಯರಾದ ಸೂಲಗಿತ್ತಿಯರು' ಎಂದೂ 'ಇಬ್ರಿಯರ ಸೂಲಗಿತ್ತಿಯರು' ಎಂದೂ ಓದಬಹುದು. ಸೆಪ್ಟುಅಜಿಂಟ್ ಎಂಬ ಪ್ರಾಚೀನ ಗ್ರೀಕ್ ಅನುವಾದವು ಎರಡನೆಯದನ್ನು ಆರಿಸಿಕೊಂಡಿತು. ಯೆಹೂದಿ ಇತಿಹಾಸಕಾರ ಜೋಸೆಫಸನು ಅವರು ಐಗುಪ್ತದ ಹೆಂಗಸರೆಂದೇ ಬರೆದನು. ಹಾಗೆ ಓದಿದರೆ ಅವರು ಪರಜನಾಂಗದ, ಪರದೈವದ ಹೆಣ್ಣುಗಳ ಬಳಿ ಕೂತವರು. ಅರಸನು ತಮ್ಮವನೇ, ಹೆರುವವಳು ಪರಕೀಯಳು.

2018ರ ಮೇ 25ರ ಜನಮತದಲ್ಲಿ ಶೇ. 66.4ರಷ್ಟು ಮತಗಳಿಂದ ಐರ್ಲೆಂಡ್ ಎಂಟನೆಯ ತಿದ್ದುಪಡಿಯನ್ನು ಕಿತ್ತುಹಾಕಿತು. ಅದೇ ವರ್ಷದ ಹೊಸ ಕಾಯಿದೆಯ 22ನೆಯ ಕಲಮು ಶುಶ್ರೂಷಕಿಯನ್ನೂ ಸೂಲಗಿತ್ತಿಯನ್ನೂ ಹೆಸರಿಸಿ ಅವರಿಗೆ ನಿರಾಕರಣೆಯ ಹಕ್ಕನ್ನು ಕೊಡುತ್ತದೆ. ಜೀವಕ್ಕೆ ತುರ್ತು ಅಪಾಯವಿದ್ದಾಗ ಆ ಹಕ್ಕಿಲ್ಲವೆನ್ನುತ್ತದೆ. ನಿರಾಕರಿಸಿದವರು ರೋಗಿಯ ಆರೈಕೆಯನ್ನು ಆದಷ್ಟು ಬೇಗ ಇನ್ನೊಬ್ಬರಿಗೆ ವಹಿಸಿಕೊಡುವ ಏರ್ಪಾಡು ಮಾಡಬೇಕೆನ್ನುತ್ತದೆ. ಆ ದೇಶದ ಆಸ್ಪತ್ರೆಗಳಲ್ಲಿ ಇಂದು ದುಡಿಯುತ್ತಿರುವ ಹೊರನಾಡಿನ ಶುಶ್ರೂಷಕಿಯರಲ್ಲಿ ಭಾರತದಿಂದ ಹೋದವರು ಬಹಳ ಮಂದಿ, ಅವರಲ್ಲಿ ನಮ್ಮ ಸಭೆಗಳಲ್ಲಿ ದೃಢೀಕರಣ ಹೊಂದಿ ಕರ್ನಾಟಕದ ನರ್ಸಿಂಗ್ ಕಾಲೇಜುಗಳಲ್ಲಿ ಓದಿದವರೂ ಇದ್ದಾರೆ. 22ನೆಯ ಕಲಮು ಅವರಿಗೂ ಅನ್ವಯಿಸುತ್ತದೆ. ಅವರು ಪ್ರಯಾಣ ಹೊರಡುವ ಮೊದಲಿನ ಭಾನುವಾರ ನಾವು ಅವರನ್ನು ಯಜ್ಞವೇದಿಯ ಮುಂದೆ ಕರೆದು ಪ್ರಾರ್ಥಿಸಿ ಕಳುಹಿಸುತ್ತೇವೆ, ಕೆಲವೊಮ್ಮೆ ಇದೇ ಅಧ್ಯಾಯವನ್ನು ಓದಿ.